ನಮ್ಮ ನಾಡಿನ ಶ್ವಾನಪಾಲನೆ

ಊರಿಗೆ ಹೊರಡುವವನು ಮನೆಗೆ ಬೀಗ ಹಾಕಬಹುದು, ಹಸುವನ್ನು ನೆರೆಯವರ ಕೊಟ್ಟಿಗೆಗೆ ಹೊಡೆಯಬಹುದು. ನಾಯಿಯನ್ನು ಏನು ಮಾಡಬೇಕು? ಕೊರಟಗೆರೆಯಂಥ ಊರಿನಲ್ಲಿ ಈ ಪ್ರಶ್ನೆ ಹಿಂದೆ ಹುಟ್ಟುತ್ತಲೇ ಇರಲಿಲ್ಲ. ನಾಯಿ ಬೀದಿಯದು, ಬೀದಿ ಊರಿನದು. ಒಬ್ಬರ ಬಾಗಿಲು ಮುಚ್ಚಿದ್ದರೆ ಇನ್ನೊಬ್ಬರ ಹಿತ್ತಿಲಲ್ಲಿ ಅದಕ್ಕೆ ಮುದ್ದೆಯ ಚೂರು ಸಿಕ್ಕುತ್ತಿತ್ತು. ಸಾಕಿದವರು ಯಾರು ಎಂದು ಕೇಳಿದರೆ ನಾಲ್ಕು ಮನೆಯವರು ಕೈ ಎತ್ತುತ್ತಿದ್ದರು. ಅದು ಯಾರನ್ನಾದರೂ ಕಚ್ಚಿದ ದಿನ ಮಾತ್ರ ಒಬ್ಬರೂ ಎತ್ತುತ್ತಿರಲಿಲ್ಲ.

ಈಗ ಕಾಲ ಬೇರೆಯಾಗಿದೆ. ಕಳೆದ ಬೇಸಿಗೆಯ ರಜೆಯಲ್ಲಿ ನಾವು ಮನೆಮಂದಿಯೆಲ್ಲ ಹತ್ತು ದಿನದ ಯಾತ್ರೆಗೆ ಹೊರಟಾಗ ನಮ್ಮ ಕರಿಯನನ್ನು ಎಲ್ಲಿ ಬಿಡುವುದೆಂಬುದೇ ದೊಡ್ಡ ಚಿಂತೆಯಾಯಿತು. ಬೆಟ್ಟದ ಅಂಚಿನ ನಮ್ಮ ಬಡಾವಣೆಗೆ ಚಿರತೆಯ ಭಯ ಇದ್ದೇ ಇದೆ. ಕಟ್ಟಿಹಾಕಿದ ನಾಯಿ ಅದರ ಪಾಲಿಗೆ ಬಡಿಸಿಟ್ಟ ಎಲೆ. ಕೊನೆಗೆ ಅವನನ್ನು ಬೆಂಗಳೂರಿನಲ್ಲಿ ಒಂದು ಸಂಸಾರದ ವಶಕ್ಕೆ ಒಪ್ಪಿಸಿದೆವು. ಗಂಡ, ಹೆಂಡತಿ, ಗಂಡನ ತಾಯಿ, ಈ ಮೂವರು ಕೂಡಿ ನಡೆಸುವ ಕಸುಬು ಅದು. ಪರಸ್ಥಳಕ್ಕೆ ಹೋಗುವವರ ನಾಯಿಗಳನ್ನು ದಿನಕ್ಕಿಷ್ಟೆಂದು ಪಡೆದು ಇಟ್ಟುಕೊಳ್ಳುವುದು, ಹೇಳಿದ ಮಾತು ಕೇಳದ ನಾಯಿಗಳಿಗೆ ನಡವಳಿಕೆ ಕಲಿಸುವುದು, ಇವೇ ಅವರ ಎರಡು ಕೆಲಸ. ಕಲಿಸುವಲ್ಲಿ ಅವರದೊಂದು ವ್ರತವುಂಟು: ಕೋಲು ಮುಟ್ಟುವುದಿಲ್ಲ, ಗದರುವುದಿಲ್ಲ, ಕೊರಳು ಹಿಂಡುವ ಸರಪಣಿ ಹಾಕುವುದಿಲ್ಲ. ಆ ಗಂಡ ನನ್ನ ಹಳೆಯ ವಿದ್ಯಾರ್ಥಿ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಇದೆಲ್ಲ ಸೀಮೆಯಿಂದ ಬಂದ ಹೊಸ ಷೋಕಿ ಎಂದು ನಮ್ಮ ಅಧ್ಯಾಪಕರ ಕೊಠಡಿಯಲ್ಲಿ ಒಬ್ಬರು ನಕ್ಕರು. ನಾನೂ ಮೊದಲು ಹಾಗೆಯೇ ಎಣಿಸಿದ್ದೆ. ಆದರೆ ಪಂಡಿತ ಪರೀಕ್ಷೆಗೆ ಓದಿದವನಿಗೆ ಒಂದು ಕೆಟ್ಟ ಚಾಳಿ. ಯಾವುದನ್ನು ಕಂಡರೂ ಹಳೆಯ ಪುಸ್ತಕಗಳಲ್ಲಿ ಇದೆಯೇ ಎಂದು ಹುಡುಕುವುದು. ಹುಡುಕಿದೆ.

ಮೊದಲು ಶಬ್ದಗಳನ್ನೇ ನೋಡಿ. ನಾಯಿ ಎಂಬುದು ನಮ್ಮ ದ್ರಾವಿಡ ಮಾತು, ತಮಿಳರಿಗೂ ಅದು ನಾಯ್ ಎಂದೇ. ಮರಿಗೆ ಕುನ್ನಿ. ಸಂಸ್ಕೃತದ ಶುನಕ ನಮ್ಮಲ್ಲಿ ಸೊಣಗವಾಯಿತು. ಬೇಟೆಗೆ ಪಳಗಿಸಿದ ನಾಯಿಗೆ ಹಳಗನ್ನಡದಲ್ಲಿ ಜಾಯಿಲವೆಂಬ ಪ್ರತ್ಯೇಕ ಹೆಸರು. ಬೀದಿಯ ನಾಯಿಗೂ ಕಲಿತ ನಾಯಿಗೂ ಬೇರೆ ಬೇರೆ ಹೆಸರಿಟ್ಟ ಜನ, ಕಲಿಸುವ ವಿದ್ಯೆಯನ್ನು ತಿಳಿಯದವರಾಗಿರಲಾರರು. ಬೈಗುಳಕ್ಕೆ ಮಾತ್ರ ಅದೇ ನಾಯಿ, ಅದೇ ಕುನ್ನಿ. ಮೆಚ್ಚುವುದಕ್ಕೊಂದು ಶಬ್ದ ಹುಡುಕುವವನು ಬೈಯುವಾಗ ಹುಡುಕುವುದಿಲ್ಲ.

ಮಹಾಭಾರತದ ಆದಿಪರ್ವ ಎಲ್ಲಿಂದ ಕಥೆ ಹಿಡಿಯುತ್ತದೆಂಬುದನ್ನು ಮರೆತವರೇ ಹೆಚ್ಚು. ಕುರುಕ್ಷೇತ್ರದಲ್ಲಿ ಜನಮೇಜಯ ತನ್ನ ಮೂವರು ತಮ್ಮಂದಿರೊಡನೆ ಸತ್ರಯಾಗಕ್ಕೆ ಕೂತಿದ್ದಾನೆ. ಅಲ್ಲಿಗೆ ದೇವಲೋಕದ ನಾಯಿ ಸರಮೆಯ ಮಗ ಬರುತ್ತಾನೆ. ತಮ್ಮಂದಿರು ಅವನನ್ನು ಹೊಡೆದು ಅಟ್ಟುತ್ತಾರೆ. ಅಳುತ್ತ ಬಂದ ಮಗನನ್ನು ತಾಯಿ ಮೊದಲು ಕೇಳುವುದು, ನೀನೇನು ತಪ್ಪು ಮಾಡಿದೆ ಎಂದು. ಹವಿಸ್ಸನ್ನು ನೆಕ್ಕಲಿಲ್ಲ, ಅದರ ಕಡೆಗೆ ಕಣ್ಣೂ ಹಾಯಿಸಲಿಲ್ಲ ಎನ್ನುತ್ತಾನೆ ಮಗ. ಆಗ ಸರಮೆ ಯಾಗಶಾಲೆಗೆ ನಡೆದು, ತಪ್ಪಿಲ್ಲದವನನ್ನು ಏಕೆ ಹೊಡೆದಿರಿ ಎಂದು ಅರಸನನ್ನೇ ಕೇಳುತ್ತಾಳೆ. ಉತ್ತರವಿಲ್ಲ. ಕಾಣದ ಕಡೆಯಿಂದ ನಿಮಗೆ ಭಯ ಬರಲಿ ಎಂದು ಶಪಿಸುತ್ತಾಳೆ. ಆ ಶಾಪಕ್ಕೆ ಹೆದರಿ ಅರಸ ತಕ್ಕ ಪುರೋಹಿತನನ್ನು ಹುಡುಕಿಕೊಂಡು ಅಲೆಯುತ್ತಾನೆ. ಇಷ್ಟು ದೊಡ್ಡ ಗ್ರಂಥ, ವಿನಾ ಕಾರಣ ಪೆಟ್ಟು ತಿಂದ ಒಂದು ನಾಯಿಮರಿಯಿಂದ ಮೊದಲಾಗಿ, ಸ್ವರ್ಗದ ಬಾಗಿಲಲ್ಲಿ ಧರ್ಮರಾಯನ ಬೆನ್ನು ಬಿಡದ ಇನ್ನೊಂದು ನಾಯಿಯ ಬಳಿ ಮುಗಿಯಲು ಬರುತ್ತದೆ. ತರಗತಿಯಲ್ಲಿ ಇಪ್ಪತ್ತೈದು ವರ್ಷ ಈ ಕಥೆ ಹೇಳಿದ್ದೇನೆ. ಒಂದು ಕೈಯಲ್ಲಿ ಬೆತ್ತ ಹಿಡಿದು ಹೇಳಿದ್ದೂ ಉಂಟು.

ಪುರಾಣ ಪುರಾಣವೇ ಸರಿ. ಕಲ್ಲಿನ ಸಾಕ್ಷಿ ಬೇಕೆನ್ನುವವರು ಮದ್ದೂರು ತಾಲ್ಲೂಕಿನ ಆತಕೂರಿನ ಕಡೆ ನೋಡಬೇಕು. ಶಕ ವರ್ಷ ೮೭೨, ಸೌಮ್ಯ ಸಂವತ್ಸರ, ಅಂದರೆ ಕ್ರಿ.ಶ. ೯೪೯-೫೦. ರಾಷ್ಟ್ರಕೂಟರ ಮೂರನೆಯ ಕೃಷ್ಣನಿಗೂ ಚೋಳರಿಗೂ ತಕ್ಕೋಲದಲ್ಲಿ ಘೋರ ಯುದ್ಧ ನಡೆಯಿತು. ಕೃಷ್ಣನ ಭಾವನಾದ ಗಂಗರ ಇಮ್ಮಡಿ ಬೂತುಗ ಚೋಳರಾಜಕುಮಾರ ರಾಜಾದಿತ್ಯನನ್ನು ಕೊಂದ. ಮೆಚ್ಚಿದ ಚಕ್ರವರ್ತಿ ಬೂತುಗನಿಗೆ ಬನವಾಸಿ ಪನ್ನಿರ್ಚ್ಛಾಸಿರ, ಬೆಳ್ವೊಲ ಮುನ್ನೂರು, ಪುರಿಗೆರೆ ಮುನ್ನೂರು ಮೊದಲಾದ ನಾಡುಗಳನ್ನೇ ಕೊಟ್ಟ. ಆ ಯುದ್ಧದಲ್ಲಿ ಎದೆಗೊಟ್ಟು ಕಾದಿದವರಲ್ಲಿ ಬೂತುಗನ ಆಳು ಮಣಲೆರನೂ ಒಬ್ಬ. ಬೇಕಾದ್ದನ್ನು ಬೇಡಿಕೊ ಎಂದು ಒಡೆಯನ ಅಪ್ಪಣೆಯಾದಾಗ ಅವನು ಊರು ಬೇಡಲಿಲ್ಲ, ಹೊನ್ನು ಬೇಡಲಿಲ್ಲ. ಕಾಳಿ ಎಂಬ ನಾಯಿಯನ್ನು ದಯಪಾಲಿಸಿ ಎಂದ. ಊರಿನ ಉಂಬಳಿ ಅವನಿಗೆ ಬೇರೆಯಾಗಿ ಸಂದಿತು, ಆ ಮಾತು ಬೇರೆ.

ಬೇಡಿ ತಂದ ನಾಯಿಯನ್ನು ಮಣಲೆರ ಬಹುಕಾಲ ಇಟ್ಟುಕೊಳ್ಳುವ ಭಾಗ್ಯ ಪಡೆಯಲಿಲ್ಲ. ಕೆಳಲೆ ನಾಡಿನ ಬೆಳತೂರ ಬಳಿಯ ಗುಡ್ಡದಲ್ಲಿ ಒಂದು ಮಹಾವರಾಹದ ಮೇಲೆ ಅದನ್ನು ಬಿಟ್ಟರು. ಹಂದಿಯೂ ನಾಯಿಯೂ ಒಂದನ್ನೊಂದು ಕಚ್ಚಿ ಸತ್ತವು. ಆತಕೂರಿನ ಚಲ್ಲೇಶ್ವರನ ಗುಡಿಯ ಮುಂದೆ ಕಲ್ಲು ನೆಡಿಸಿದರು. ಕಲ್ಲಿನ ಮೇಲೆ ನಾಯಿ ಹಂದಿಗಳು ಹೋರಾಡುವ ಚಿತ್ರ; ಅದರ ಸುತ್ತ ತಕ್ಕೋಲದ ಯುದ್ಧದ ವೃತ್ತಾಂತ. ಚಕ್ರವರ್ತಿಯ ವಿಜಯವನ್ನು ತಿಳಿಯಲು ಇತಿಹಾಸಕಾರರು ಒಂದು ನಾಯಿಯ ಸ್ಮಾರಕಕ್ಕೆ ಹೋಗಬೇಕಾಯಿತು. ಕಲ್ಲಿನ ಪೂಜೆಗೆಂದು ಭೂಮಿಯನ್ನು ದತ್ತಿ ಬಿಟ್ಟರು. ಆ ಸ್ಥಾನವನ್ನು ನೋಡಿಕೊಳ್ಳುವ ಗೊರವ ಕಲ್ಲನ್ನು ಪೂಜಿಸದೆ ಉಂಡರೆ ಪಾಪಕ್ಕೆ ಗುರಿಯೆಂದು ಶಾಸನ ಕಟ್ಟು ಮಾಡುತ್ತದೆ. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಬ್ಬನ್ ಉದ್ಯಾನಕ್ಕೆ ಹೋಗುವವರು ಹಾದಿ ತಪ್ಪಿಯಾದರೂ ಒಮ್ಮೆ ಒಳಗೆ ಹೋಗಿ ನೋಡಬೇಕು.

ಸತ್ತ ನಾಯಿಗೆ ಪೂಜೆ ಸಂದಿತು, ನಿಜ. ಬದುಕಿದ್ದಾಗ ಕಾಳಿಯನ್ನು ಹೇಗೆ ಪಳಗಿಸಿದರೆಂಬುದನ್ನು ಕಲ್ಲು ಹೇಳುವುದಿಲ್ಲ. ನಾನೊಂದು ಊಹೆ ಮಾಡುತ್ತೇನೆ, ಊಹೆಯೆಂದೇ ತೆಗೆದುಕೊಳ್ಳಿ. ಬಡಿಸಿಕೊಂಡು ಬೆಳೆದ ನಾಯಿ ಯಜಮಾನನ ಕೈ ಕಂಡರೆ ಬಾಲ ಮಡಚುತ್ತದೆ; ತನಗಿಂತ ಎಷ್ಟೋ ಭಾರವಾದ ಕಾಡುಹಂದಿಯ ಕೋರೆಗೆ ಎದೆಕೊಟ್ಟು, ಬಿಡದೆ ಕಚ್ಚಿ ನಿಲ್ಲುವ ಧೈರ್ಯ ಅದಕ್ಕೆ ಉಳಿದಿರುವುದಿಲ್ಲ. ಅಲ್ಲದೆ, ಒಡೆಯನ ಬಳಿ ಏನನ್ನಾದರೂ ಬೇಡಬಹುದಾಗಿದ್ದ ಯೋಧ ಮೊದಲು ಅದನ್ನೇ ಬೇಡಿದನೆಂದರೆ ಆ ಪ್ರಾಣಿಯ ಗುಣ ಎಂಥದಿದ್ದಿರಬೇಕು!

ಅರಮನೆಗಳಲ್ಲಿ ಶ್ವಾನಪಾಲನೆ ಶಾಸ್ತ್ರವೇ ಆಗಿತ್ತೆಂಬುದಕ್ಕೆ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಸಾಕ್ಷಿ. ೧೧೨೯ರ ಸುಮಾರಿನಲ್ಲಿ ಅವನು ಸಂಸ್ಕೃತದಲ್ಲಿ ಬರೆದ ಮಾನಸೋಲ್ಲಾಸದಲ್ಲಿ ನೂರು ಅಧ್ಯಾಯಗಳು. ಅರಸನ ವಿನೋದಗಳನ್ನು ಎಣಿಸುವ ಭಾಗದಲ್ಲಿ ಆನೆ, ಕುದುರೆ, ಮಲ್ಲ, ಕೋಳಿ, ಟಗರುಗಳ ಸಾಲಿನಲ್ಲೇ ಸಾರಮೇಯ ವಿನೋದಕ್ಕೂ ಒಂದು ಅಧ್ಯಾಯ. ಸಾರಮೇಯ, ಅಂದರೆ ಅದೇ ಸರಮೆಯ ಮಗ. ಹಂಪೆಯ ಮಹಾನವಮಿ ದಿಬ್ಬದ ಶಿಲ್ಪಪಟ್ಟಿಗಳಲ್ಲೂ ಬೇಟೆಗಾರರ ಜೊತೆ ನಾಯಿಗಳಿವೆ. ಅದೇ ಹಂಪೆಯ ಐತಿಹ್ಯದಲ್ಲಿ ಮೊಲವೊಂದು ತಿರುಗಿ ನಿಂತು ಬೇಟೆನಾಯಿಗಳನ್ನೇ ಅಟ್ಟಿತಂತೆ, ಅದನ್ನು ಕಂಡು ಅಲ್ಲಿ ಪಟ್ಟಣ ಕಟ್ಟಿದರಂತೆ. ನಮ್ಮ ಅರ್ಧ ಪಾಳೆಯಪಟ್ಟುಗಳು ತಮ್ಮ ಊರಿಗೂ ಇದೇ ಕಥೆಯನ್ನು ಹೇಳಿಕೊಂಡಿವೆ. ಪಾಪ, ಆ ನಾಯಿಗಳ ಮಾನದ ಗೊಡವೆ ಯಾರಿಗೆ?

ಇನ್ನು ನಮ್ಮ ಸೀಮೆ. ಕೊರಟಗೆರೆಯನ್ನು ಕಟ್ಟಿದ ಪಾಳೆಯಗಾರ ರಣಬೈರೇಗೌಡ. ಬೈರ ಎಂದರೆ ಭೈರವ; ಮೊರಸು ಒಕ್ಕಲಿಗರ ಮನೆದೇವರು. ಭೈರವನ ವಾಹನ ನಾಯಿ. ಕುರುಬರ ಮೈಲಾರಲಿಂಗನಿಗೂ ನಾಯಿಯ ಪರಿವಾರ. ಮೈಲಾರನ ಗೊರವರು ಕರಿಯ ಕಂಬಳಿ ಹೊದ್ದು, ಡಮರುಗ ಬಾರಿಸುತ್ತ ಬಂದು, ದೋಣಿಸೇವೆಯಲ್ಲಿ ನಾಯಿಗಳಂತೆ ಬೊಗಳುತ್ತ ಬಾಯಿಂದಲೇ ಹಾಲು ಬಾಳೆಹಣ್ಣು ತಿನ್ನುವುದನ್ನು ಜಾತ್ರೆಗಳಲ್ಲಿ ಕಂಡವರು ಅನೇಕರಿದ್ದಾರೆ. ತಾವು ದೇವರ ನಾಯಿಗಳೆಂದು ಅವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಆತಕೂರಿನಲ್ಲಿ ನಾಯಿಯ ಕಲ್ಲನ್ನು ಪೂಜಿಸಬೇಕಾದವನೂ ಗೊರವನೇ. ಅಲ್ಲಿ ಆ ಶಬ್ದಕ್ಕೆ ಶೈವ ತಪಸ್ವಿ ಎಂದು ಅರ್ಥ. ಸಾವಿರ ವರ್ಷದಲ್ಲಿ ಶಬ್ದದ ಅರ್ಥ ಸರಿದರೂ ನಾಯಿಯ ನಂಟು ಉಳಿದುಕೊಂಡಿರುವುದು ನನಗಂತೂ ಸೋಜಿಗವಾಗಿ ತೋರುತ್ತದೆ. ನಮ್ಮ ತಾಲ್ಲೂಕಿನ ಗೊರವನಹಳ್ಳಿಗೆ ಮಹಾಲಕ್ಷ್ಮಿಯ ದರ್ಶನಕ್ಕೆಂದು ಬರುವ ಸಾವಿರಾರು ಮಂದಿಯಲ್ಲಿ ಊರ ಹೆಸರಿನ ಮೊದಲ ಮೂರು ಅಕ್ಷರಗಳನ್ನು ಗಮನಿಸಿದವರು ಎಷ್ಟು ಮಂದಿಯೋ.

ಅರಮನೆ, ಗುಡಿಗಳ ಮಾತು ಇಷ್ಟು ಸಾಕು. ನಾಯಿಗೆ ನಿಜವಾಗಿ ಕಲಿಸಿದವರು ಕುರಿಯವರು. ಸಿರಾ, ಪಾವಗಡ, ಮಧುಗಿರಿಯ ಬಯಲಿನಲ್ಲಿ ಕುರುಬರೂ ಕಾಡುಗೊಲ್ಲರೂ ಮಂದೆ ಅಟ್ಟಿಕೊಂಡು ಬಂದು ರೈತರ ಹೊಲಗಳಲ್ಲಿ ರಾತ್ರಿ ತಂಗುತ್ತಾರೆ. ಗೊಬ್ಬರಕ್ಕಾಗಿ ರೈತ ಅವರಿಗೆ ಕಾಳು ಕೊಡುತ್ತಾನೆ. ಮೈದೇನಹಳ್ಳಿಯ ಹುಲ್ಲುಗಾವಲಿನಂಥ ಕಡೆ ಕೃಷ್ಣಮೃಗದ ಜೊತೆಗೆ ತೋಳವೂ ಉಂಟು. ಆದ್ದರಿಂದ ನಾಯಿಯಿಲ್ಲದ ಮಂದೆಯಿಲ್ಲ. ಚಿಕ್ಕವನಾಗಿದ್ದಾಗ ನಮ್ಮ ಹೊಲದಲ್ಲಿ ತಂಗಿದ್ದ ಮಂದೆಯೊಂದರಲ್ಲಿ ನಾನು ಕಂಡದ್ದು ಇಂದಿಗೂ ಕಣ್ಣಿಗೆ ಕಟ್ಟಿದೆ: ಬಿದಿರ ಬುಟ್ಟಿಯೊಂದರ ಕೆಳಗೆ ಎರಡು ಎಳೆಯ ಕುರಿಮರಿಗಳು, ಅವುಗಳ ನಡುವೆ ಕಣ್ಣು ಬಿಟ್ಟು ಹೆಚ್ಚು ದಿನವಾಗದ ಒಂದು ನಾಯಿಮರಿ. ಮೂರೂ ಒಂದೇ ಮುದ್ದೆಯಾಗಿ ನಿದ್ದೆಹೋಗಿದ್ದವು. ಹೀಗೇಕೆಂದು ಕೇಳಿದ್ದಕ್ಕೆ ಕುರಿಯ ಮುದುಕ, ಇದು ಕುರಿಯನ್ನು ಒಡಹುಟ್ಟೆಂದು ತಿಳಿಯಬೇಕಪ್ಪ ಎಂದ. ಆ ನಾಯಿಗೆ ಕುರಿ ಕಚ್ಚಬೇಡ ಎಂದು ಯಾರೂ ಹೊಡೆದು ಹೇಳಿರಲಿಲ್ಲ. ಹೇಳಬೇಕಾದ ಸಂದರ್ಭವೇ ಬರದಂತೆ ಮಾಡಿದ್ದರು.

ಅಮೆರಿಕದ ಬಾರ್ ಹಾರ್ಬರಿನ ಪ್ರಯೋಗಶಾಲೆಯಲ್ಲಿ ಸ್ಕಾಟ್ ಮತ್ತು ಫುಲ್ಲರ್ ಎಂಬ ವಿದ್ವಾಂಸರು ವರ್ಷಗಟ್ಟಲೆ ನಾಯಿಮರಿಗಳನ್ನು ಸಾಕಿ ನೋಡಿ ೧೯೬೫ರಲ್ಲಿ ದೊಡ್ಡ ಗ್ರಂಥವನ್ನು ಪ್ರಕಟಿಸಿದರು. ಮೂರನೆಯ ವಾರದಿಂದ ಸುಮಾರು ಹನ್ನೆರಡನೆಯ ವಾರದವರೆಗೆ ಮರಿ ಯಾರನ್ನು ಕಂಡು ಮೂಸಿ ಬೆಳೆಯುತ್ತದೋ ಅವರೇ ಅದಕ್ಕೆ ತನ್ನವರು. ಆ ಕಾಲ ಮೀರಿದ ಮೇಲೆ ಪರಿಚಯ ಬಲು ಕಷ್ಟ ಎಂಬುದು ಅವರು ಕಂಡ ಮುಖ್ಯ ಸಂಗತಿಗಳಲ್ಲೊಂದು. ನಮ್ಮ ಹೊಲದ ಮುದುಕನ ಬುಟ್ಟಿಯ ಲೆಕ್ಕವೂ ಅದೇ.

ಸಂಸಾರವೆಲ್ಲ ಸೇರಿ ನಾಯಿಯನ್ನೇ ಕಸುಬಾಗಿ ಮಾಡಿಕೊಂಡವರನ್ನು ನಮ್ಮ ನಾಡಿನಲ್ಲಿ ನೋಡಬೇಕೆಂದರೆ ಬಾಗಲಕೋಟೆ ಜಿಲ್ಲೆಯ ಮುಧೋಳಕ್ಕೆ ಹೋಗಬೇಕು. ಉದ್ದ ಕಾಲು, ಒಳಸರಿದ ಹೊಟ್ಟೆ, ಚೂಪು ಮೂತಿಯ ಆ ಬೇಟೆನಾಯಿಯ ತಳಿಗೆ ಪ್ರೋತ್ಸಾಹ ಕೊಟ್ಟು ಉಳಿಸಿದ ಕೀರ್ತಿ ಆ ಸಂಸ್ಥಾನದ ಘೋರ್ಪಡೆ ಅರಸರಿಗೆ, ಅದರಲ್ಲೂ ಮಾಲೋಜಿರಾಯರಿಗೆ ಸಲ್ಲುತ್ತದೆ. ಸಂಸ್ಥಾನ ಹೋದ ಮೇಲೆ ತಳಿಯನ್ನು ಕಾಪಾಡಿದವರು ಸುತ್ತಲ ಹಳ್ಳಿಗಳ ರೈತರು, ಕುರಿಗಾರರು, ಬೇಡರು. ಮನೆಯ ಹೆಣ್ಣುಮಕ್ಕಳು ಜೋಳದ ನುಚ್ಚು, ಹಾಲು ಉಣಿಸುತ್ತಾರೆ. ಗಂಡಸರು ಬಯಲಿನಲ್ಲಿ ಓಡಿಸುತ್ತಾರೆ. ಮರಿ ಮಾರಿದ ದುಡ್ಡು ಸಂಸಾರಕ್ಕೆ ಕೂಡುತ್ತದೆ. ೨೦೦೫ರಲ್ಲಿ ಅಂಚೆ ಇಲಾಖೆ ಭಾರತೀಯ ನಾಯಿಗಳ ನಾಲ್ಕು ಚೀಟಿಗಳನ್ನು ಹೊರಡಿಸಿದಾಗ ಮುಧೋಳಕ್ಕೂ ಒಂದು ಸಿಕ್ಕಿತು. ಹತ್ತಿರದ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯ ವಿಶ್ವವಿದ್ಯಾಲಯದವರು ಶ್ವಾನ ಸಂಶೋಧನ ಕೇಂದ್ರವನ್ನು ತೆರೆದರು. ೨೦೧೬ರಲ್ಲಿ ಕೆಲವು ಮರಿಗಳು ಸೇನೆಯ ಶಿಕ್ಷಣಕ್ಕೆಂದು ಮೀರತ್ತಿಗೆ ಹೋದವು.

ಮುಧೋಳವೆಂದೊಡನೆ ಕನ್ನಡ ಓದಿದವನಿಗೆ ನೆನಪಾಗುವುದು ನಾಯಿಯಲ್ಲ, ರನ್ನ. ಕವಿಚಕ್ರವರ್ತಿಯ ಹುಟ್ಟೂರು ಮುದುವೊಳಲು ಅದೇ. ಅವನು ಹುಟ್ಟಿದ್ದು ಸೌಮ್ಯ ಸಂವತ್ಸರದಲ್ಲಿ, ಕ್ರಿ.ಶ. ೯೪೯. ಆತಕೂರಿನ ಕಲ್ಲಿನಲ್ಲಿರುವುದೂ ಸೌಮ್ಯ ಸಂವತ್ಸರವೇ! ಕಾಳಿಯ ಕಲ್ಲು ನಿಂತ ವರ್ಷವೇ ಬಳೆಗಾರರ ಮನೆಯಲ್ಲಿ ರನ್ನ ಕಣ್ಣು ತೆರೆದ. ಇದರಿಂದ ಏನೂ ಸಿದ್ಧವಾಗುವುದಿಲ್ಲ. ಆದರೂ ಈ ಎರಡು ತೇದಿಗಳನ್ನು ಪಕ್ಕಪಕ್ಕ ಬರೆದುಕೊಂಡ ರಾತ್ರಿ ನನಗೆ ಬೇಗ ನಿದ್ದೆ ಬರಲಿಲ್ಲ.

ಹೊಡೆಯದೆ ಕಲಿಸುವುದು ಪಶ್ಚಿಮದವರಿಗೂ ಹುಟ್ಟಿನಿಂದ ಬಂದದ್ದಲ್ಲ. ೧೯೧೦ರಲ್ಲಿ ಜರ್ಮನಿಯ ಪೊಲೀಸ್ ಅಧಿಕಾರಿ ಕೊನ್ರಾಡ್ ಮೋಸ್ಟ್ ನಾಯಿಯ ಶಿಕ್ಷಣವನ್ನು ಕುರಿತು ಪುಸ್ತಕ ಬರೆದ. ಬಹುಮಾನದ ಬೆಲೆಯನ್ನು ಬಲ್ಲವನೇ; ಆದರೂ ಸರಪಣಿಯ ಸೆಳೆತ, ಚಾಟಿಗಳಿಗೆ ಅವನ ಪದ್ಧತಿಯಲ್ಲಿ ಧಾರಾಳ ಎಡೆಯಿತ್ತು. ಎರಡು ಮಹಾಯುದ್ಧಗಳ ಸೇನಾನಾಯಿಗಳು ಆ ಬಗೆಯ ಶಿಸ್ತಿನಲ್ಲಿ ತಯಾರಾದವು. ಯುದ್ಧ ಮುಗಿದ ಮೇಲೆ ಅದೇ ಶಿಸ್ತು ಮನೆಯ ನಾಯಿಗೂ ಬಂತು. ಇನ್ನೊಂದು ದಾರಿಯನ್ನು ತೆರೆದವರು ಸ್ಕಿನ್ನರ್ ಎಂಬ ಮನಶ್ಶಾಸ್ತ್ರಜ್ಞನ ಶಿಷ್ಯರಾದ ಬ್ರೆಲಾಂಡ್ ದಂಪತಿಗಳು. ಗಂಡ ಕೆಲ್ಲರ್, ಹೆಂಡತಿ ಮೇರಿಯನ್. ಪ್ರಯೋಗಶಾಲೆಯಲ್ಲಿ ಕಲಿತ ತತ್ತ್ವವನ್ನು ಹೊಟ್ಟೆಪಾಡಿನ ಕಸುಬಾಗಿ ಮಾಡಿಕೊಂಡು ೧೯೪೦ರ ದಶಕದಲ್ಲಿ ತಮ್ಮದೇ ಸಂಸ್ಥೆ ಕಟ್ಟಿ ಕೋಳಿ, ಹಂದಿ, ನಾಯಿಗಳಿಗೆ ಪಾಠ ಹೇಳಿದರು. ಇದೂ ಸಂಸಾರದ ಉದ್ಯೋಗವೇ ಎಂಬುದನ್ನು ಗಮನಿಸಬೇಕು. ಡಾಲ್ಫಿನ್ನಿಗೆ ಬೆತ್ತದಿಂದ ಹೊಡೆಯಲಾಗುವುದಿಲ್ಲ, ಅದು ಈಜಿಕೊಂಡು ಹೊರಟುಹೋಗುತ್ತದೆ; ಆದಕಾರಣ ಹವಾಯಿಯಲ್ಲಿ ಡಾಲ್ಫಿನ್ನುಗಳನ್ನು ಪಳಗಿಸುತ್ತಿದ್ದ ಕರೆನ್ ಪ್ರಯರ್ ಸೀಟಿ ಮತ್ತು ಮೀನುಗಳಿಂದಲೇ ಎಲ್ಲವನ್ನೂ ಸಾಧಿಸಬೇಕಾಯಿತು. ಆಕೆ ೧೯೮೪ರಲ್ಲಿ ಬರೆದ ಪುಸ್ತಕದಿಂದ ಆ ವಿದ್ಯೆ ನಾಯಿ ಸಾಕಿದವರ ಮನೆಮನೆಗೆ ಹಬ್ಬಿತು.

ತತ್ತ್ವ ಬಹಳ ಸರಳ. ನಾಯಿ ಮಾಡಿದ ಕೆಲಸದಿಂದ ಅದಕ್ಕೆ ಹಿತವಾದದ್ದು ಬಂದರೆ ಅದು ಆ ಕೆಲಸವನ್ನು ಮತ್ತೆ ಮಾಡುತ್ತದೆ. ಕಷ್ಟವಿರುವುದು ಹೊತ್ತಿನಲ್ಲಿ. ಕುಳಿತ ಮರುಕ್ಷಣವೇ ತುತ್ತು ಬರಬೇಕು. ಎರಡು ಮೂರು ಕ್ಷಣ ತಡವಾದರೆ ಅದು ಎದ್ದಿರುತ್ತದೆ, ಎದ್ದುದಕ್ಕೇ ತುತ್ತು ಬಂತೆಂದು ತಿಳಿಯುತ್ತದೆ. ಅದಕ್ಕಾಗಿಯೇ ಕಟಕ್ಕೆನ್ನುವ ಒಂದು ಪುಟ್ಟ ಡಬ್ಬಿ. ಆ ಸದ್ದಾದರೆ ತುತ್ತು ಖಂಡಿತ ಎಂದು ಮೊದಲು ನಂಬಿಸಿ, ಆಮೇಲೆ ಸರಿಯಾದ ಕ್ಷಣದಲ್ಲಿ ಆ ಸದ್ದು ಮಾಡುವುದು. ದೊಡ್ಡ ಪಾಠವನ್ನು ಸಣ್ಣ ಸಣ್ಣ ಮೆಟ್ಟಿಲುಗಳಾಗಿ ಒಡೆಯಬೇಕು. ಗುರುಗುಟ್ಟುವ ನಾಯಿಯನ್ನು ಹೊಡೆದರೆ ಗುರುಗುಟ್ಟುವುದನ್ನಷ್ಟೇ ಬಿಡುತ್ತದೆ, ಸಿಟ್ಟನ್ನು ಬಿಡುವುದಿಲ್ಲ. ಮುಂದಿನ ಸಲ ಎಚ್ಚರಿಕೆ ಕೊಡದೆ ಕಚ್ಚುತ್ತದೆ. ಹೊಸ ಮನೆಗೆ ತಂದುಬಿಟ್ಟ ನಾಯಿಗೆ ಅದರ ಮನೆಯ ಹಳೆಯ ಬಟ್ಟೆಯೊಂದು ಜೊತೆಗಿರಬೇಕು. ಊಟದ ಹೊತ್ತೂ ಊಟವೂ ಬದಲಾಗಬಾರದು. ಕರಿಯನ ಜೊತೆ ನನ್ನ ಒಂದು ಹಳೆಯ ಪಂಚೆಯನ್ನು ಕೇಳಿ ಇಟ್ಟುಕೊಂಡರು.

ಇವನ್ನೆಲ್ಲ ನನಗೆ ಹೇಳಿಕೊಟ್ಟವನು ಆ ಹಳೆಯ ವಿದ್ಯಾರ್ಥಿ. ಒಂಬತ್ತನೆಯ ತರಗತಿಯಲ್ಲಿ ಭಾಮಿನೀ ಷಟ್ಪದಿಗೆ ಪ್ರಸ್ತಾರ ಹಾಕಲು ಬರಲಿಲ್ಲವೆಂದು ಅವನ ಅಂಗೈಗೆ ನಾನು ಬಾಸುಂಡೆ ಬರುವಂತೆ ಹೊಡೆದಿದ್ದೆ. ಮೂರನೆಯ ಏಟಿನ ಮೇಲೆ ಅವನು ಲಘು ಗುರುಗಳನ್ನು ಸರಿಯಾಗಿ ಹಾಕಿದ. ಬೆತ್ತದ ಮಹಿಮೆಯೆಂದು ನಾನು ಬೀಗಿದೆ. ಪದ್ಯವೆಂದರೆ ಅವನು ತರಗತಿಯಿಂದ ಎದ್ದು ಹೋಗುವಂತಾದದ್ದನ್ನು ನಾನು ಲೆಕ್ಕಕ್ಕೆ ಹಿಡಿಯಲಿಲ್ಲ. ೨೦೦೯ರ ಶಿಕ್ಷಣ ಹಕ್ಕಿನ ಕಾಯಿದೆ ಮಕ್ಕಳನ್ನು ದಂಡಿಸುವುದನ್ನು ನಿಷೇಧಿಸಿತು. ಆಗಲೂ ನಾನು ಬೆತ್ತವನ್ನು ಕೆಳಗಿಟ್ಟದ್ದು ಕಾಯಿದೆಗೆ ಹೆದರಿ, ಮನಸ್ಸು ಒಪ್ಪಿ ಅಲ್ಲ. ಇನ್ನು ಈ ಹುಡುಗರು ಕಲಿತ ಹಾಗೆಯೇ ಎಂದು ಸಹೋದ್ಯೋಗಿಗಳೊಡನೆ ಗೊಣಗಿದವರಲ್ಲಿ ನಾನೂ ಇದ್ದೆ.

ಈ ನಾಯಿಮನೆಗಳ ವಿಷಯದಲ್ಲಿ ನನಗೆ ತಕರಾರಿಲ್ಲವೆಂದಲ್ಲ. ಒಂದು ನಾಯಿಗೆ ಅಲ್ಲಿ ಹತ್ತು ದಿನಕ್ಕೆ ತೆರುವ ಹಣದಲ್ಲಿ ನಮ್ಮ ಕಡೆ ಒಂದು ಸಂಸಾರ ತಿಂಗಳ ಅಕ್ಕಿಬೇಳೆ ತಂದುಕೊಳ್ಳಬಹುದು. ಬೀದಿಯ ನಾಯಿಗಳ ಸಂತಾನಹರಣ, ಚುಚ್ಚುಮದ್ದುಗಳಿಗೆ ೨೦೦೧ರಲ್ಲಿ ನಿಯಮಗಳಾದವು, ೨೦೨೩ರಲ್ಲಿ ಮತ್ತೆ ಹೊಸದಾದವು. ಹಳ್ಳಿಯ ಬೀದಿಗೆ ಅವು ತಲುಪಿದ್ದು ಕಡಮೆ. ಹುಚ್ಚುನಾಯಿ ಕಚ್ಚಿದರೆ ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿಯೆಂಬ ಭಯದಲ್ಲಿ ನಾವು ಬೆಳೆದೆವು. ಆ ಹಳೆಯ ಮದ್ದು ೨೦೦೫ರ ಹೊತ್ತಿಗೆ ನಿಂತಿತು, ಈಗ ತೋಳಿಗೆ ಕೆಲವೇ ಸೂಜಿಗಳು ಸಾಕು. ಆದರೂ ಕಚ್ಚಿಸಿಕೊಂಡು ಮಂತ್ರ ಹಾಕಿಸಿಕೊಳ್ಳಲು ಓಡುವವರು ಇನ್ನೂ ಇದ್ದಾರೆ. ಗಾಯವನ್ನು ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ ಹದಿನೈದು ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಬೇಕೆಂಬುದನ್ನು ಈ ಸಂದರ್ಭದಲ್ಲಿ ಹೇಳದೆ ಇರಲಾರೆ. ರೋಗ ತೋರಿದ ಮೇಲೆ ಮದ್ದಿಲ್ಲ.

ಯಾತ್ರೆ ಮುಗಿಸಿ ಕರಿಯನನ್ನು ಕರೆತರಲು ಹೋದೆವು. ಅವನು ನನ್ನ ಪಂಚೆಯ ಮೇಲೆ ಮಲಗಿದ್ದವನು ಎದ್ದು ಬಂದು ಮೈಮೇಲೆ ಹಾರಲಿಲ್ಲ. ಎದುರಿಗೆ ಕುಳಿತು ಬಾಲದಿಂದ ನೆಲ ಗುಡಿಸುತ್ತಿದ್ದ. ನನ್ನ ಹೆಂಡತಿಗೆ ಕಣ್ಣಲ್ಲಿ ನೀರು. ನೀವೂ ಒಮ್ಮೆ ಮಾಡಿ ಮೇಷ್ಟ್ರೆ ಎಂದು ಶಿಷ್ಯ ನನ್ನ ಕೈಗೆ ಆ ಡಬ್ಬಿಯನ್ನೂ ನಾಲ್ಕು ಚೂರು ಬೇಯಿಸಿದ ಗೆಣಸನ್ನೂ ಕೊಟ್ಟ. ಮಲಗು ಎಂದೆ. ಕರಿಯ ಮಲಗಿದ. ನಾನು ಡಬ್ಬಿ ಒತ್ತುವಷ್ಟರಲ್ಲಿ ಎದ್ದು ನಿಂತಿದ್ದ. ಇನ್ನೊಮ್ಮೆಯೂ ಹಾಗೆಯೇ. ಶಿಷ್ಯನ ತಾಯಿ ನಗುವನ್ನು ಸೆರಗಿನಲ್ಲಿ ಮುಚ್ಚಿಕೊಂಡರು. ಅವನು ಮಾತ್ರ ನಗಲಿಲ್ಲ.

"ನಾಯಿ ಸರಿಯಾಗಿಯೇ ಮಾಡಿತು ಮೇಷ್ಟ್ರೆ, ನಿಮ್ಮದು ಒಂದು ಮಾತ್ರೆ ತಡವಾಯಿತು" ಎಂದ.

ಮಾತ್ರೆ ಎಂದೇ ಅಂದ. ನಾನು ಮೂರನೆಯ ಚೂರನ್ನು ಕೈಗೆ ತೆಗೆದುಕೊಂಡೆ.